ಮೊದಲ ಚೀಲದ ಲೆಕ್ಕ

ಮನುಷ್ಯರಿಗಿಂತ ಕಂಪ್ಯೂಟರಿಗೇ ಹೆಚ್ಚು ಸೆಕೆಯಾಗುತ್ತದೆ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಎಂಬತ್ತರ ದಶಕದ ನಡುಭಾಗ. ಮುಂಬಯಿ ಹತ್ತಿರದ ವಾಶಿಯಲ್ಲಿ ಕಾಂದಾ-ಬಟಾಟೆ, ಅಂದರೆ ಈರುಳ್ಳಿ-ಆಲೂಗಡ್ಡೆ ಮಾರ್ಕೆಟ್ಟಿನ ಪಕ್ಕದ ಒಂದು ಆಫೀಸಿನಲ್ಲಿ ನನಗೆ ಕೆಲಸ ಸಿಕ್ಕಿತ್ತು. ಲಾರಿಗಳಿಂದ ಚೀಲ ಇಳಿಸಲು ಹಮಾಲರ ಟೋಳಿಗಳನ್ನು ಒದಗಿಸುವ ಆಫೀಸು. ನಮ್ಮ ಶೇಟ್ ಇಡೀ ಮಾರ್ಕೆಟ್ಟಿನಲ್ಲಿ ಯಾರ ಹತ್ತಿರವೂ ಇಲ್ಲದ ಕಂಪ್ಯೂಟರನ್ನು ತಂದ ಹೆಮ್ಮೆಯಲ್ಲಿ ಅದಕ್ಕೊಂದು ಗಾಜಿನ ಕೋಣೆ ಕಟ್ಟಿಸಿ ಏಸಿ ಹಾಕಿಸಿದ್ದರು. ತಾವು ಮಾತ್ರ ಹೊರಗೆ ಕಿರ್ರೆನ್ನುವ ಫ್ಯಾನಿನ ಕೆಳಗೆ ಬೆವರು ಒರೆಸಿಕೊಳ್ಳುತ್ತಾ ಕೂರುತ್ತಿದ್ದರು. ಒಳಗೆ ಹೋಗುವವರು ಚಪ್ಪಲಿ ಬಿಟ್ಟೇ ಹೋಗಬೇಕು. ಊದುಬತ್ತಿ ಹಚ್ಚುವುದೊಂದು ಬಾಕಿ. ಅದನ್ನೂ ಹಚ್ಚಿಬಿಡುತ್ತಿದ್ದರೇನೋ, ಹೊಗೆ ಹಿಡಿದರೆ ಯಂತ್ರ ಕೈಕೊಡುತ್ತದೆ ಎಂದು ನಾನೇ ಹೆದರಿಸಿ ಇಟ್ಟಿದ್ದೆ.

ಅಷ್ಟೆಲ್ಲ ಮಡಿ ಮಾಡಿದರೂ ಈರುಳ್ಳಿಯ ವಾಸನೆಗೆ ಬಾಗಿಲು ಹಾಕಲು ಆಗುತ್ತಿರಲಿಲ್ಲ. ನನ್ನ ಸೀರೆಗೆ, ಜಡೆಗೆ, ಬುತ್ತಿಯ ಮೊಸರನ್ನಕ್ಕೆ ಕೂಡ ಅದೇ ವಾಸನೆ. ಸಂಜೆ ಬಸ್ಸಿನಲ್ಲಿ ಥಾಣೆಗೆ ಬಂದು ಡೊಂಬಿವಲಿಯ ಲೋಕಲ್ ಹತ್ತಿದರೆ, ಲೇಡೀಸ್ ಡಬ್ಬಿಯಲ್ಲಿ ಮೆಂತ್ಯ ಸೊಪ್ಪು ಬಿಡಿಸುತ್ತಾ ಕುಳಿತ ಹೆಂಗಸರು ನನ್ನನ್ನು ನೋಡುವ ಮೊದಲೇ "ವಾಶಿವಾಲಿ ಆಲೀ", ವಾಶಿಯವಳು ಬಂದಳು, ಎಂದು ನಗುತ್ತಿದ್ದರು. ಜಾಗ ಮಾತ್ರ ಕೊಡುತ್ತಿದ್ದರು. ಸುಮ್ಮನೆ ಅಲ್ಲ, ಅರ್ಧ ಕಟ್ಟು ಮೆಂತ್ಯ ನನ್ನ ಮಡಿಲಿಗೂ ಬೀಳುತ್ತಿತ್ತು.

ಈ ಕೆಲಸ ನನಗೇ ಸಿಕ್ಕಿದ್ದು ಏಕೆಂದರೆ ನನಗೆ ಬೇಸಿಕ್ ಪ್ರೋಗ್ರಾಮಿಂಗೂ ಬರುತ್ತಿತ್ತು, ಕನ್ನಡ ಓದಲೂ ಬರುತ್ತಿತ್ತು. ಬೇಸಿಕ್ ಕಲಿತದ್ದು ಥಾಣೆಯಲ್ಲಿ, ಅಪ್ಪ ಕ್ಯಾಶಿಯರ್ ಆಗಿದ್ದ ಶಾಕಾಹಾರಿ ಹೋಟೆಲಿನ ಮೇಲ್ಮಹಡಿಯ ಕ್ಲಾಸಿನಲ್ಲಿ. ಕನ್ನಡ ಓದಲು ಕಲಿಸಿದ್ದೂ ಅಪ್ಪನೇ. ಮನೆಯಲ್ಲಿ ನಮ್ಮದು ತುಳು, ಬೀದಿಯಲ್ಲಿ ಮರಾಠಿ. ಭಾನುವಾರ ಎಲ್ಲಿಂದಲೋ ತಂದ ಹಳೆಯ ಕನ್ನಡ ಪೇಪರನ್ನು ಹಾಸಿ, ಕಿವಿ ಹಿಂಡಿ ಹಿಂಡಿ ಓದಿಸಿದ್ದರು. ಆ ಕಿವಿಯ ಪುಣ್ಯದಿಂದ ಸಿಕ್ಕಿದ ಕೆಲಸ ಇದು. ಏಕೆಂದರೆ ಟೋಳಿಗಳಲ್ಲಿ ಹಲವು ಗುಲ್ಬರ್ಗಾ ಕಡೆಯವು, ಅವುಗಳ ಮೇಸ್ತ್ರಿಗಳು ದಿನದ ಚೀಟಿಯನ್ನು ಕನ್ನಡದಲ್ಲೇ ಬರೆದು ಕೊಡುತ್ತಿದ್ದರು.

ಚೀಟಿ ಎಂದರೆ ಒಂದೇ ಸಾಲು. ಮೊದಲು ಟೋಳಿಯ ನಂಬರು. ಆಮೇಲೆ ಆ ದಿನ ಒಬ್ಬೊಬ್ಬ ಹಮಾಲ ಹೊತ್ತ ಚೀಲಗಳು. ಒಬ್ಬನ ಅಂಕೆಗೂ ಇನ್ನೊಬ್ಬನ ಅಂಕೆಗೂ ನಡುವೆ ಒಂದು ಓರೆಗೆರೆ. ನಲವತ್ತೆರಡು, ಗೆರೆ, ಮೂವತ್ತೊಂಬತ್ತು, ಗೆರೆ, ನಲವತ್ತನಾಲ್ಕು, ಹೀಗೆ. ಯಾರು ಮೊದಲು ಯಾರು ಆಮೇಲೆ ಎಂಬುದು ಅವರ ಹಿತ್ತಾಳೆ ಬಿಲ್ಲೆಯ ನಂಬರಿನ ಪ್ರಕಾರ. ಆ ಬಿಲ್ಲೆ ತೋಳಿಗಿದ್ದರೆ ಮಾತ್ರ ಮಾರ್ಕೆಟ್ಟಿನ ಗೇಟಿನೊಳಗೆ ಪ್ರವೇಶ. ಚೀಟಿಯಲ್ಲಿ ಹೇಗಿದೆಯೋ ಹಾಗೆಯೇ ಟೈಪ್ ಮಾಡು, ನಿನ್ನ ಬುದ್ಧಿ ಸೇರಿಸಬೇಡ ಎಂದು ಶೇಟ್ ಅಪ್ಪಣೆ ಕೊಟ್ಟಿದ್ದರು. ಕನ್ನಡ ಇದ್ದರೆ ಇಂಗ್ಲಿಷ್ ಅಕ್ಷರದಲ್ಲಿ, ಅಂಕೆಗೆ ಅಂಕೆ, ಗೆರೆಗೆ ಗೆರೆ.

ಒಂದು ಸಲ ಟೈಪ್ ಮಾಡಿದರೆ ಮುಗಿಯಿತಲ್ಲ ಎನ್ನಬೇಡಿ. ನಾವು ನಲವತ್ತೆರಡು ಎಂದು ಓದುವುದು ಆ ಯಂತ್ರಕ್ಕೆ ಬರೀ ಎರಡು ಗುರುತು. ಕೂಡಿಸು ಎಂದರೆ ಕೂಡಿಸುವುದಿಲ್ಲ, ಒಂದರ ಪಕ್ಕ ಒಂದು ಅಂಟಿಸಿ ಕೊಡುತ್ತದೆ. ಆ ಸಾಲಿನಲ್ಲಿ ಗೆರೆ ಎಲ್ಲಿದೆ ಎಂದು ಹುಡುಕಬೇಕು, ಗೆರೆಗಿಂತ ಹಿಂದಿನ ತುಂಡನ್ನು ಕತ್ತರಿಸಬೇಕು, ಆ ತುಂಡಿನಿಂದ ಅಂಕೆಯನ್ನು ಹೊರತೆಗೆಯಬೇಕು, ಮತ್ತೆ ಮುಂದಿನ ಗೆರೆ. ಆ ತುಂಡನ್ನು ಅಂಕೆ ಮಾಡಿ ಕೊಡುವುದಕ್ಕೆ ಬೇಸಿಕ್‌ನಲ್ಲಿ 'ವ್ಯಾಲ್' ಎಂಬ ಒಂದು ಶಬ್ದ ಇತ್ತು. ಬಹಳ ಸಭ್ಯ ಶಬ್ದ. ಅಂಕೆ ಕೊಟ್ಟರೆ ಅಂಕೆ ಮಾಡಿ ಕೊಡುತ್ತಿತ್ತು. ಅಂಕೆಯಲ್ಲದ್ದನ್ನು ಕೊಟ್ಟರೆ ಜಗಳ ಮಾಡದೆ, ತಪ್ಪು ಎನ್ನದೆ, ಸದ್ದಿಲ್ಲದೆ ಸೊನ್ನೆ ಕೊಡುತ್ತಿತ್ತು. ನನಗೆ ಈ ಮೂಕ ಸಭ್ಯತೆಯ ಮೇಲೆ ಇಂದಿಗೂ ಸಿಟ್ಟಿದೆ.

"ಎಂತ ಮಾಡ್ತಿ ನೀನು ಅಲ್ಲಿ ಇಡೀ ದಿವಸ?" ಎಂದು ಅಪ್ಪ ಕೇಳಿದಾಗ ಅಮ್ಮ ಗೋರಿಕಾಯಿ ಮುರಿಯುತ್ತಿದ್ದಳು. ನಾನು ಒಂದನ್ನು ಕೈಗೆ ತೆಗೆದುಕೊಂಡು, "ಇದೇ ಕೆಲಸ ಅಪ್ಪ. ಇಲ್ಲಿ ಮುರಿಯುವುದು, ನಾರು ತೆಗೆಯುವುದು, ಪಾತ್ರೆಗೆ ಹಾಕುವುದು" ಎಂದೆ.

"ಅದಕ್ಕೆ ಏಸಿ ಬೇಕಾ?" ಎಂದು ಅಮ್ಮ ಮಧ್ಯೆ ಬಾಯಿ ಹಾಕಿದಳು. ತನಗೂ ಒಂದು ಏಸಿ ಹಾಕಿಸಿಕೊಟ್ಟರೆ ಇಡೀ ಡೊಂಬಿವಲಿಯ ಗೋರಿಕಾಯಿ ಮುರಿದು ಕೊಡುತ್ತೇನೆ ಎಂದಳು. ನಕ್ಕು ನಕ್ಕು ಸಾಕಾಯಿತು.

ಮೊದಲ ವಾರವೇ ಪ್ರೋಗ್ರಾಮು ನನ್ನ ಮರ್ಯಾದೆ ತೆಗೆಯಿತು. ಪ್ರತಿ ಟೋಳಿಯಲ್ಲೂ ಕೊನೆಯ ಹಮಾಲನೇ ಮಾಯ! ತಲೆ ಕೆರೆದುಕೊಂಡು ಸಾಕಾಯಿತು. ಕಡೆಗೆ ಗೊತ್ತಾದದ್ದು ಇಷ್ಟೇ. ನಾನು ಗೆರೆ ಹುಡುಕಿ ಅದರ ಹಿಂದಿನದನ್ನು ಕತ್ತರಿಸುತ್ತಿದ್ದೆ. ಕೊನೆಯವನ ಮುಂದೆ ಗೆರೆಯೇ ಇಲ್ಲ, ಆದ್ದರಿಂದ ಅವನು ಪಾಪ ಲೆಕ್ಕಕ್ಕೇ ಬರುತ್ತಿರಲಿಲ್ಲ. ಅಪ್ಪನಿಗೆ ಹೇಳಿದರೆ, "ಅದಕ್ಕೆ ಯಾಕೆ ಅಷ್ಟು ಮಂಡೆಬಿಸಿ? ಕೊನೆಗೆ ಒಂದು ಗೆರೆ ನೀನೇ ಎಳೆದು ಬಿಡು ಮಾರಾಯ್ತಿ. ನಾವು ಬಿಲ್ಲಿನ ಅಡಿಗೆ ಎಳೆಯುದಿಲ್ವಾ?" ಎಂದರು. ಹಾಗೆಯೇ ಮಾಡಿದೆ. ಪ್ರತಿ ಸಾಲಿನ ತುದಿಗೆ ಒಂದು ಗೆರೆ ಅಂಟಿಸಿದೆ. ಕೊನೆಯವರೆಲ್ಲ ಮರಳಿ ಬಂದರು. ಊರು ಗೆದ್ದ ಹಾಗೆ ಸಂಭ್ರಮಪಟ್ಟೆ. ಕೊನೆಯವನನ್ನು ಉಳಿಸುವ ಗಡಿಬಿಡಿಯಲ್ಲಿ ಮೊದಲಿನವನ ಕಡೆ ನನ್ನ ಕಣ್ಣು ಹೋಗಲೇ ಇಲ್ಲ.

ನಮ್ಮ ಶೇಟ್ ಕೆಟ್ಟವರಲ್ಲ. ಮುಂಗೋಪಿ, ಆದರೆ ದೈವಭಕ್ತ. ದೈವಕ್ಕಿಂತ ಹೆಚ್ಚು ಭಕ್ತಿ ಬೋಣಿಯ ಮೇಲೆ. ಬೆಳಿಗ್ಗೆ ಬೋಣಿ ಆಗುವ ತನಕ ಒಂದು ಪೆನ್ನು ಕೂಡ ಯಾರಿಗೂ ಕೊಡುತ್ತಿರಲಿಲ್ಲ. ದಿನದ ಮೊದಲ ನೋಟು ಕೈಗೆ ಬಂದರೆ ಅದನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಗಲ್ಲಾಪೆಟ್ಟಿಗೆಗೆ ಹಾಕುವರು. ಆ ನೋಟು ಎಷ್ಟರದು ಎಂದು ನೋಡುತ್ತಲೂ ಇರಲಿಲ್ಲ. ಯಂತ್ರಕ್ಕೂ ಈ ನೇಮ ತಪ್ಪಲಿಲ್ಲ. ಬೆಳಿಗ್ಗೆ ಪ್ರಿಂಟರಿನಿಂದ ಹೊರಬರುವ ಮೊದಲ ಕಾಗದದಲ್ಲಿ 'ಶ್ರೀ' ಎಂದು ಮಾತ್ರ ಇರಬೇಕು. ಅಷ್ಟು ದೊಡ್ಡ ಕಾಗದದಲ್ಲಿ ಒಂದು ಶ್ರೀ! ಕಾಗದ ದಂಡ ಎಂದು ನಾನು ಗೊಣಗುತ್ತಿದ್ದೆ, ಆದರೆ ಹೊಡೆದು ಕೊಡುತ್ತಿದ್ದೆ.

ತಿಂಗಳು ತುಂಬಿದಾಗ ಮೊದಲ ದೊಡ್ಡ ರಿಪೋರ್ಟು ತೆಗೆದೆ. ಟೋಳಿಗಳು, ಬಿಲ್ಲೆಗಳು, ಚೀಲಗಳು, ಉದ್ದಾನುದ್ದ ಕಾಗದ. ಶೇಟ್ ಕನ್ನಡಕ ಏರಿಸಿ ಬೆರಳಿಟ್ಟು ನೋಡುತ್ತಾ ಬಂದವರು ಏಳನೇ ಟೋಳಿಯ ಹತ್ತಿರ ನಿಂತರು. ಅದರ ಮೊದಲ ಬಿಲ್ಲೆಯ ಎದುರು ತಿಂಗಳಿಡೀ ಸೊನ್ನೆ. ಒಂದು ದಿನವೂ ಒಂದು ಚೀಲವೂ ಇಲ್ಲ.

"ಯೇ ಆದ್ಮೀ ಹೈ ಯಾ ಭೂತ್ ಹೈ?" ಇವನು ಮನುಷ್ಯನೋ ಭೂತವೋ ಎಂದು ಕೂಗಿದರು. ಆಗೆಲ್ಲ ಬೋಗಸ್ ಬಿಲ್ಲೆಗಳ ಕಾಟವಿತ್ತು. ಊರಿಗೆ ಹೋದವನ ಬಿಲ್ಲೆಯನ್ನು ಇನ್ಯಾರೋ ಇಟ್ಟುಕೊಂಡು ಮಾರ್ಕೆಟ್ಟಿನೊಳಗೆ ಓಡಾಡುವುದು ನಡೆಯುತ್ತಿತ್ತು. ಇದೂ ಅಂಥದ್ದೇ ಎಂದು ಅವರು ತೀರ್ಮಾನಿಸಿಬಿಟ್ಟರು. ನಾಳೆಯೇ ಆ ಮೇಸ್ತ್ರಿಯನ್ನು ಕರೆಸು, ಬಿಲ್ಲೆ ತಂದು ಮೇಜಿನ ಮೇಲೆ ಇಡಲಿ, ನಿನಗೆ ಅವರ ಭಾಷೆ ಬರುತ್ತದಲ್ಲ, ನೀನೇ ಹೇಳು ಎಂದರು. ಯಂತ್ರ ತಂದದ್ದು ಸಾರ್ಥಕವಾಯಿತು ಎಂದು ನನ್ನನ್ನು ಹೊಗಳಿದರು ಬೇರೆ. ನಾನೂ ಉಬ್ಬಿದೆ.

ಮಾರನೇ ದಿನ ಮೇಸ್ತ್ರಿ ಒಬ್ಬರೇ ಬರಲಿಲ್ಲ. ಜೊತೆಗೆ ಒಬ್ಬ ಮುದುಕರು. ಕೆಂಪು ರುಮಾಲು, ಹಣೆಗೆ ವಿಭೂತಿ, ಬಿಲ್ಲೆ ಕಟ್ಟಿದ ತೋಳು ಒಣಗಿ ಬಿಲ್ಲೆಯ ದಾರವೇ ಸಡಿಲ. ಚಪ್ಪಲಿ ಬಿಟ್ಟು ಗಾಜಿನ ಕೋಣೆಯೊಳಗೆ ಬಂದವರೇ ಮೈ ನಡುಗಿಸಿ ನನ್ನ ಕಡೆ ನೋಡಿದರು.

"ಎಷ್ಟು ಥಂಡಿ ಅದ ಇಲ್ಲಿ! ದಿನಾ ಹಿಂಗs ಕುಂದರತೀ ಏನ್ ಯವ್ವಾ? ಕಿವಿಗೆ ಏನರೆ ಕಟ್ಟಿಕೋಬಾರದಾ?"

ಬಿಲ್ಲೆ ಕಿತ್ತುಕೊಳ್ಳಲು ಕುಳಿತವಳ ಕಿವಿಯ ಚಿಂತೆ ಮಾಡುವವರನ್ನು ಏನು ಮಾಡುವುದು! ಕುರ್ಚಿ ತೋರಿಸಿದೆ. ಇಬ್ಬರೂ ನೆಲದ ಮೇಲೆಯೇ ಕುಳಿತರು. ನಾನು ಗಂಟಲು ಸರಿಮಾಡಿಕೊಂಡು ಕೇಳಿದೆ, "ಇವರು ಕೆಲಸಕ್ಕೆ ಬರುದಿಲ್ವಾ?"

ಮೇಸ್ತ್ರಿಯ ಮುಖ ಕೆಂಪಾಯಿತು. "ಏನಂತೀರಿ ಬಾಯಾರ! ನಮ್ಮ ಮುತ್ಯಾ ಒಂದ ದಿನಾನೂ ತಪ್ಪಿಸಿಲ್ರಿ. ಮುತ್ಯಾ ಬರಲಾರದ ನಮ್ಮ ಟೋಳಿ ಚೀಲಕ್ಕ ಕೈ ಹಚ್ಚಂಗಿಲ್ಲ." ಅವರ ಕಡೆ ಅಜ್ಜನಿಗೆ ಮುತ್ಯಾ ಎನ್ನುತ್ತಾರೆ. ಟೋಳಿಯಲ್ಲಿ ಯಾರಿಗೂ ಅವರು ಸ್ವಂತ ಅಜ್ಜನಲ್ಲ, ಎಲ್ಲರಿಗೂ ಮುತ್ಯಾನೇ.

"ಮತ್ತೆ ಇದು ಎಂತದು?" ಎಂದು ನಾನು ಚೀಟಿಗಳನ್ನು ಹರಡಿದೆ. ಏಳನೇ ಟೋಳಿಯ ಪ್ರತಿ ಚೀಟಿಯಲ್ಲೂ ಮೊದಲ ಜಾಗದಲ್ಲಿ ಅಂಕೆ ಇಲ್ಲ, 'ಲಾ' ಎಂಬ ಒಂದು ಅಕ್ಷರ, ಆಮೇಲೆ ಗೆರೆ. ಬಾರದವನ ಹೆಸರಿನ ಮೊದಲಕ್ಷರ ಬರೆದಿರಬೇಕು ಎಂದುಕೊಂಡು ನಾನು ಇದ್ದದ್ದನ್ನು ಇದ್ದ ಹಾಗೆ ಟೈಪ್ ಮಾಡಿದ್ದೆ.

"ಲಾಭ್ರಿ" ಎಂದರು ಮೇಸ್ತ್ರಿ, ಇದೂ ಗೊತ್ತಿಲ್ಲವೇ ಎನ್ನುವ ಹಾಗೆ. "ಎಣಸೂ ಮುಂದ ಒಂದು ಅಂತ ಸುರು ಮಾಡಬಾರದ್ರಿ. ಮೊದಲನೇದಕ್ಕ ಲಾಭ ಅನ್ನಬೇಕು. ಆಮ್ಯಾಲ ಎರಡು, ಮೂರು. ಜ್ವಾಳ ಅಳದರೂ ಹಂಗs, ಚೀಲ ಹೊತ್ತರೂ ಹಂಗs. ನಮ್ಮ ಟೋಳಿ ಮೊದಲನೇ ಚೀಲ ಮುತ್ಯಾಂದು. ಅದಕ್ಕ ಲಾ ಅಂತ ಬರದೀನಿ."

ಡೊಂಬಿವಲಿಯ ಎರಡು ಕೋಣೆಯ ಮನೆಯಲ್ಲಿ ಬೆಳೆದವಳಿಗೆ ಜೋಳ ಅಳೆಯುವುದು ಎಲ್ಲಿಂದ ಗೊತ್ತಿರಬೇಕು! ನಾನು ಕಣ್ಣು ಕಣ್ಣು ಬಿಟ್ಟೆ. ಆಮೇಲೆ ನಿರಾಳವಾಯಿತು. ಇಷ್ಟೇನಾ? ವ್ಯಾಲ್ ಎಂಬ ಆ ಸಭ್ಯ ಶಬ್ದಕ್ಕೆ 'ಲಾ' ಅರ್ಥವಾಗದೆ ಸೊನ್ನೆ ಕೊಟ್ಟಿದೆ. ಅದಕ್ಕಿಂತ ಮೊದಲು ಒಂದು ಸಾಲು ಸೇರಿಸಿದರೆ ಮುಗಿಯಿತು.

"ಹೆದರಬೇಡಿ, ಇದು ಒಂದು ನಿಮಿಷದ ಕೆಲಸ. ಲಾ ಇದ್ದಲ್ಲೆಲ್ಲ ಒಂದು ಅಂತ ತೆಗೆದುಕೋ ಎಂದು ಯಂತ್ರಕ್ಕೆ ಹೇಳ್ತೇನೆ. ಶೇಟಿಗೂ ನಾನೇ ಹೇಳ್ತೇನೆ" ಎಂದೆ.

ಮುತ್ಯಾ ನೆಲ ನೋಡಿದರು. ಮೇಸ್ತ್ರಿ ದನಿ ತಗ್ಗಿಸಿ ಕೇಳಿದರು, "ಎಲ್ಲಾರದೂ ನಲವತ್ತು ನಲವತ್ತು ಇದ್ದಲ್ಲಿ ಒಬ್ಬಾಂದು ಒಂದು ಅಂತ ಬಂದ್ರ ಶೇಟ್ ಏನಂತಾರ್ರಿ?"

ನನಗೆ ಆಗ ಹೊಳೆಯಿತು. ಸೊನ್ನೆ ಎಂದರೆ ಈ ಮನುಷ್ಯ ಇಲ್ಲವೇ ಇಲ್ಲ ಎಂದು. ಒಂದು ಎಂದರೆ ಇದ್ದಾನೆ, ಆದರೆ ಬೇಡದವನು ಎಂದು. ಸೊನ್ನೆಯಿಂದ ಬಿಡಿಸಿ ಒಂದರ ಕೈಗೆ ಒಪ್ಪಿಸಿದಂತಾಯಿತು. ಎರಡರಲ್ಲಿ ಯಾವುದನ್ನು ಹೊರತೆಗೆದರೂ ಬಿಲ್ಲೆ ಹೋಗುತ್ತದೆ.

ಮೇಸ್ತ್ರಿ ಒಂದೊಂದಾಗಿ ಹೇಳಿದರು. ಮಾರ್ಕೆಟ್ಟು ವಾಶಿಗೆ ಬರುವ ಮೊದಲು, ಮುಂಬಯಿಯ ಹಳೆ ಮಾರ್ಕೆಟ್ಟಿನಲ್ಲಿದ್ದ ಕಾಲದಿಂದ ಮುತ್ಯಾ ಈ ಕೆಲಸದಲ್ಲಿದ್ದರು. ಟೋಳಿಯ ಒಬ್ಬೊಬ್ಬನನ್ನೂ ಊರಿನಿಂದ ಕರೆತಂದವರು ಅವರೇ. ಚೀಲ ಬೆನ್ನಿಗೆ ಬರುವಾಗ ಉಸಿರು ಯಾವಾಗ ಹಿಡಿಯಬೇಕು, ಮೊಣಕಾಲು ಎಷ್ಟು ಬಗ್ಗಿಸಬೇಕು ಎಂದು ಕಲಿಸಿದವರು ಅವರೇ. ಜ್ವರ ಬಂದವನಿಗೆ ಗಂಜಿ ಕಾಯಿಸಿ ಕೊಟ್ಟವರೂ ಅವರೇ. ಈಗ ಬೆನ್ನು ಸೋತಿತ್ತು. ಟೋಳಿಯವರೆಲ್ಲ ಕುಳಿತು ಮಾತಾಡಿಕೊಂಡು ಒಂದು ತೀರ್ಮಾನಕ್ಕೆ ಬಂದಿದ್ದರು. ದಿನದ ಮೊದಲ ಚೀಲ ಮುತ್ಯಾನದು, ಉಳಿದದ್ದು ತಮ್ಮದು. ಕೂಲಿ ಹೇಗೂ ಇಡೀ ಟೋಳಿಗೆ ಸೇರಿಸಿ ಬರುತ್ತದೆ, ಸಮನಾಗಿ ಹಂಚಿಕೊಳ್ಳುತ್ತಾರೆ. ಶೇಟಿನ ಗಂಟು ಏನೂ ಹೋಗುವುದಿಲ್ಲ.

"ಹಂಗಿದ್ರ ನಲವತ್ತು ಅಂತ ಬರದು ಬಿಡ್ರಿ ಬಾಯಾರ" ಎಂದು ಮೇಸ್ತ್ರಿ ಕೈಮುಗಿದರು. "ನಾವs ಹೊತ್ತೀವಲ್ಲ, ನಮ್ಮದರಾಗಿಂದ ತಗೀರಿ."

ಸುಳ್ಳು ಹೇಳುವುದಿಲ್ಲ, ನನ್ನ ಕೈ ಕೀಲಿಮಣೆಯ ಕಡೆ ಹೋಗಿತ್ತು. ಲಾ ಎಂದರೆ ನಲವತ್ತು. ಬರೆಯಲು ಒಂದು ಸಾಲು ಸಾಕು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ತಲೆಯೆತ್ತಿದ್ದು ಮುತ್ಯಾ.

"ಹೊರಲಾರದ್ದು ಬರೀಬ್ಯಾಡವ್ವಾ. ಹುಡುಗರು ಹೊತ್ತದ್ದು ಹುಡುಗರ ಹೆಸರೀಲೇ ಇರಲಿ." ಆಮೇಲೆ ತೋಳಿನ ಬಿಲ್ಲೆಯನ್ನು ಬೆರಳಿನಿಂದ ತಿರುಗಿಸುತ್ತಾ ಮೆಲ್ಲಗೆ ಅಂದರು, "ಬಿಲ್ಲೆ ಹೋದ್ರ ಹೋಗಲಿ, ಹಿತ್ತಾಳಿ ತುಣುಕು. ಖರೆ ಅದು ಇಲ್ಲಂದ್ರ ಗೇಟಿನ್ಯಾಗ ಬಿಡಂಗಿಲ್ಲಲ್ಲ. ಇವರೆಲ್ಲಾ ಒಳಗ, ನಾ ಒಬ್ಬಾಂವ ಹೊರಗ."

ನಾನು ಯಂತ್ರದ ಕಡೆ ತಿರುಗಿ ಏನೋ ಮಾಡುವವಳಂತೆ ಕುಳಿತೆ.

ಅಂದು ರಾತ್ರಿಯ ಊಟಕ್ಕೆ ಕೂತಾಗ ಅಪ್ಪನಿಗೆ ಎಲ್ಲ ಹೇಳಿದೆ. ಅಪ್ಪ ಸಾರು ಕಲಸುತ್ತಾ ಕೇಳಿದರು, "ನೀನು ಅವರು ಚೀಲ ಹೊರುದು ನೋಡಿದ್ದೀಯಾ?"

"ಇಲ್ಲ."

"ನಿನ್ನ ಶೇಟ್?"

"ಅವರು ಕುರ್ಚಿ ಬಿಟ್ಟು ಏಳುದೇ ಇಲ್ಲ."

"ಮತ್ತೆಂತ? ನೋಡದವರಿಬ್ಬರು ಕಾಗದ ಹಿಡ್ಕೊಂಡು ಅವರ ಬಿಲ್ಲೆ ತೆಗೀತೀರಾ? ಒಮ್ಮೆ ಹೋಗಿ ಕಣ್ಣಾರೆ ನೋಡ್ಲಿಕ್ಕೆ ಹೇಳು" ಎಂದರು. ಅಮ್ಮ ನನ್ನ ಬಟ್ಟಲಿಗೆ ಇನ್ನೊಂದು ಸೌಟು ಅನ್ನ ಹಾಕಿದಳು. ನನ್ನ ಮುಖ ಸಪ್ಪಗಾದರೆ ಅವಳಿಗೆ ಗೊತ್ತಿದ್ದ ಮದ್ದು ಅದೊಂದೇ.

ಮಾರನೇ ದಿನ ಬೋಣಿ ಆದ ಮೇಲೆಯೇ ಶೇಟಿನ ಮುಂದೆ ನಿಂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಆ ಮನುಷ್ಯ ಭೂತವಲ್ಲ, ಬೋಗಸ್ ಅಲ್ಲ, ದಿನಾ ಬರುತ್ತಾರೆ, ಒಂದು ಚೀಲ ಹೊರುತ್ತಾರೆ ಎಂದೆ.

"ಏಕ್?" ಶೇಟ್ ಹುಬ್ಬು ಮೇಲೇರಿತು. "ಸಿರ್ಫ್ ಏಕ್? ಯೇ ಕ್ಯಾ ಧರ್ಮಶಾಲಾ ಹೈ?"

ನನಗೆ ಎಲ್ಲಿಂದ ಬಂತೋ ಸಿಟ್ಟು. ಅಪ್ಪನ ಮಾತನ್ನೇ ಹಿಂದಿಗೆ ತಿರುಗಿಸಿ ಎಸೆದೆ. ನೀವೂ ನೋಡಿಲ್ಲ, ನಾನೂ ನೋಡಿಲ್ಲ, ಒಂದು ಸಲ ಬಂದು ನೋಡಿ, ಆಮೇಲೆ ಬೇಕಾದರೆ ಬಿಲ್ಲೆಯ ಜೊತೆ ನನ್ನನ್ನೂ ಕಳಿಸಿಬಿಡಿ ಎಂದುಬಿಟ್ಟೆ. ಶೇಟ್ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಸರಿ, ನಾಳೆ ಬೆಳಿಗ್ಗೆ ನಾನೇ ಬರುತ್ತೇನೆ, ಆ ಒಂದು ಚೀಲವನ್ನು ನನ್ನ ಕಣ್ಣೆದುರು ಹೊತ್ತು ತೋರಿಸಲಿ, ಹೊರಲಾಗದಿದ್ದರೆ ಅಲ್ಲೇ ಬಿಲ್ಲೆ ಬಿಚ್ಚಬೇಕು ಎಂದರು.

ನನ್ನ ಬಾಯಿಗಿಷ್ಟು ಬೆಂಕಿ ಹಾಕ! ಆ ಒಣಗಿದ ತೋಳು ನೆನಪಾಯಿತು. ಶೇಟ್ ಕುರ್ಚಿಯಲ್ಲೇ ಇದ್ದಿದ್ದರೆ ಒಂದಿಷ್ಟು ದಿನವಾದರೂ ಮಾತು ತಳ್ಳಬಹುದಿತ್ತು. ಈಗ ಮುದುಕರನ್ನು ಪರೀಕ್ಷೆಗೆ ನಿಲ್ಲಿಸಿದ್ದೆ.

ಮರುದಿನ ಬೆಳಿಗ್ಗೆ ಅಪ್ಪ ನನ್ನ ಜೊತೆ ಸ್ಟೇಷನ್ನಿನ ತನಕ ನಡೆದು ಬಂದರು. ನಾನು ಮಾರ್ಕೆಟ್ಟಿಗೆ ಮುಟ್ಟುವಾಗ ನಾಸಿಕದ ಈರುಳ್ಳಿ ಲಾರಿ ನಿಂತಿತ್ತು, ಏಳನೇ ಟೋಳಿ ಅದರ ಸುತ್ತ ನಿಂತಿತ್ತು, ಯಾರೂ ಏನೂ ಮುಟ್ಟಿರಲಿಲ್ಲ. ಶೇಟ್ ಬಿಳಿ ಧೋತರದ ಅಂಚು ಎತ್ತಿ ಹಿಡಿದುಕೊಂಡು, ಈರುಳ್ಳಿ ಸಿಪ್ಪೆ ತುಳಿಯದಂತೆ ಹೆಜ್ಜೆ ಹಾಕುತ್ತಾ ಬಂದರು. ಮೇಸ್ತ್ರಿ ನನ್ನ ಮುಖ ನೋಡಲಿಲ್ಲ. ನೋಡಿದ್ದರೆ ನಾನು ಏನು ಹೇಳುತ್ತಿದ್ದೆನೋ.

ಮುತ್ಯಾ ಸ್ನಾನ ಮಾಡಿ ಬಂದಿದ್ದರು. ಹಣೆಯ ವಿಭೂತಿ ಇನ್ನೂ ಹಸಿ. ಲಾರಿಯ ಹಲಗೆಯನ್ನು ಮುಟ್ಟಿ ಎದೆಗೆ ಕೈ ಒತ್ತಿಕೊಂಡರು, ಬೆನ್ನು ತಿರುಗಿಸಿ, ಮೊಣಕಾಲು ಬಗ್ಗಿಸಿ ನಿಂತರು. ಮೇಲಿನಿಂದ ಇಬ್ಬರು ಚೀಲವನ್ನು ಜಾರಿಸಿದರು.

ಆಗ ನಾನು ನೋಡಿದೆ. ಚೀಲ ಬೆನ್ನಿಗೆ ಬರುವ ಮೊದಲೇ ಎಡಗಡೆಯಿಂದ ಒಂದು ಕೈ, ಬಲಗಡೆಯಿಂದ ಒಂದು ಕೈ, ಹಿಂದಿನಿಂದ ಮೇಸ್ತ್ರಿಯ ಎರಡೂ ಕೈ ಅದರ ಕೆಳಗೆ ಹೋಗಿದ್ದವು. ಗೋಣಿಯ ಬಟ್ಟೆ ಮುತ್ಯಾನ ಬೆನ್ನಿಗೆ ತಾಗುತ್ತಿತ್ತು, ಅಷ್ಟೇ. ಭಾರವೆಲ್ಲ ಆ ಕೈಗಳಲ್ಲಿ. ಅವರು ಒಂದು ಹೆಜ್ಜೆ ಇಟ್ಟರೆ ಇಡೀ ಟೋಳಿ ಒಂದು ಹೆಜ್ಜೆ ಇಡುತ್ತಿತ್ತು. ಉಳಿದವರು ಮುಂದೆ ದಾರಿ ಬಿಡಿಸುತ್ತಾ, "ಲಾಭ ಬಂತು, ಲಾಭ ಬಂತು ನೋಡ್ರಿ!" ಎಂದು ಕೂಗುತ್ತಿದ್ದರು. ಮುತ್ಯಾ ಮಾತ್ರ ತಾವೇ ಹೊತ್ತಿದ್ದೇವೆ ಎಂಬಂತೆ ಹಲ್ಲು ಕಚ್ಚಿ, ಉಸಿರು ಹಿಡಿದು, ಎಲ್ಲರಿಗೂ ಕಲಿಸಿದ ಹಾಗೆಯೇ ನಡೆದರು. ಗೋದಾಮಿನ ಬಾಗಿಲಲ್ಲಿ ಚೀಲ ಇಳಿಯಿತು.

ಅಂದರೆ ಒಂದು ಎಂಬುದೂ ನಿಜವಲ್ಲ! ನಾನು ಜಂಬದಿಂದ ಬರೆಯಲು ಹೊರಟಿದ್ದ ಆ ಒಂದು. ನನ್ನ ಕಣ್ಣಿಗೆ ನೀರು ಬಂತು, ಜೊತೆಗೆ ಹೆದರಿಕೆಯೂ ಆಯಿತು. ಏಕೆಂದರೆ ನನಗೆ ಕಂಡದ್ದು ಶೇಟಿಗೂ ಕಂಡಿತ್ತು. ಅವರು ನನ್ನ ಪಕ್ಕದಲ್ಲೇ ನಿಂತಿದ್ದರು.

ಶೇಟ್ ಧೋತರದ ಅಂಚು ಬಿಟ್ಟರು. ನೇರವಾಗಿ ಚೀಲದ ಹತ್ತಿರ ನಡೆದರು. ಕೂಗು ನಿಂತುಹೋಯಿತು. ಮೇಸ್ತ್ರಿ ಮುತ್ಯಾನ ಮುಂದೆ ಅಡ್ಡ ಬಂದು ನಿಂತರು. ಮುತ್ಯಾ ಏದುಸಿರು ಬಿಡುತ್ತಾ ತೋಳಿನ ಬಿಲ್ಲೆಯ ಮೇಲೆ ಕೈ ಇಟ್ಟುಕೊಂಡಿದ್ದರು. ಶೇಟ್ ಬಗ್ಗಿದರು. ಬಲಗೈಯಿಂದ ಚೀಲ ಮುಟ್ಟಿದರು. ಆ ಕೈಯನ್ನು ತಂದು ಎರಡೂ ಕಣ್ಣಿಗೆ ಒತ್ತಿಕೊಂಡರು, ದಿನಾ ಬೆಳಿಗ್ಗೆ ಮೊದಲ ನೋಟನ್ನು ಒತ್ತಿಕೊಳ್ಳುವ ಹಾಗೆ.

ಮರಳಿ ಬರುವಾಗ ನನ್ನ ಹತ್ತಿರ ನಿಂತು, ಮುಖ ಬೇರೆ ಕಡೆ ಮಾಡಿ ಗೊಣಗಿದರು. "ಬೋಹನೀ ಕೋ ಕೋಯೀ ಗಿನ್ತಾ ಹೈ ಕ್ಯಾ? ಜೈಸಾ ಲಿಖಾ ಹೈ, ವೈಸಾ ಛಾಪ್ ದೋ." ಬೋಣಿಯನ್ನು ಯಾರಾದರೂ ಎಣಿಸುತ್ತಾರಾ, ಬರೆದಿರುವ ಹಾಗೆಯೇ ಅಚ್ಚು ಹಾಕು ಎಂದು. ಆಮೇಲೆ ಟೋಳಿಯ ಕಡೆ ತಿರುಗಿ, ಏನು ನಾಟಕ ನೋಡುತ್ತಾ ನಿಂತಿದ್ದೀರಿ, ಲಾರಿ ಖಾಲಿ ಮಾಡಿ ಎಂದು ದೊಡ್ಡ ದನಿಯಲ್ಲಿ ಗದರಿದರು. ಅಷ್ಟು ಇಷ್ಟವಾದ ಗದರಿಕೆಯನ್ನು ನಾನು ಕೇಳಿದ್ದೇ ಇಲ್ಲ.

ಆ ದಿನವೇ ಪ್ರೋಗ್ರಾಮಿಗೆ ಸಾಲು ಸೇರಿಸಿದೆ. ತುಂಡು ಕತ್ತರಿಸಿದ ಮೇಲೆ, ವ್ಯಾಲ್‌ನ ಕೈಗೆ ಕೊಡುವ ಮೊದಲು, ಅದು 'ಲಾ' ಹೌದೋ ಎಂದು ನೋಡು. ಹೌದಾದರೆ ಮುಟ್ಟಬೇಡ, ಇದ್ದ ಹಾಗೆಯೇ ಅಚ್ಚು ಹಾಕು. ಅಂಕೆ ಹೊರತೆಗೆಯಲೆಂದೇ ಬರೆದ ಪ್ರೋಗ್ರಾಮಿನಲ್ಲಿ ಅಂಕೆ ತೆಗೆಯಬೇಡ ಎನ್ನುವ ಸಾಲು. ಟೋಳಿಯ ಮೊತ್ತಕ್ಕೆ ಒಂದು ಚೀಲವನ್ನು ಬೇರೆಯೇ ಸೇರಿಸಿದೆ, ಏಕೆಂದರೆ ಚೀಲ ಲಾರಿಯಿಂದ ಇಳಿದದ್ದಂತೂ ಸತ್ಯ. ಆಮೇಲೆ ಎಷ್ಟೋ ಪ್ರೋಗ್ರಾಮು ಬರೆದೆ, ದೊಡ್ಡ ದೊಡ್ಡ ಯಂತ್ರಗಳ ಮೇಲೆ ಬರೆದೆ. ಆ ಸಾಲಿನಷ್ಟು ಪ್ರೀತಿಯಿಂದ ಇನ್ನೊಂದನ್ನು ಬರೆದ ನೆನಪಿಲ್ಲ.

ಸಂಜೆ ಮುತ್ಯಾ ಬಂದರು, ಮೇಸ್ತ್ರಿಯ ಹೆಗಲು ಹಿಡಿದುಕೊಂಡು. ಶೇಟ್ ಹಿಂದಿಯಲ್ಲಿ ಅಂದದ್ದು ಅವರಿಗೆ ಪೂರ್ತಿ ತಿಳಿದಿರಲಿಲ್ಲ. ಮೇಸ್ತ್ರಿ ಹೇಳಿದ್ದರು, ಆದರೆ ನಂಬಿಕೆ ಬಂದಿರಲಿಲ್ಲ. ಚಪ್ಪಲಿ ಬಿಟ್ಟು ಒಳಗೆ ಬಂದು ಕೇಳಿದರು, "ಬರಕೊಂಡ್ಯಾ ಯವ್ವಾ?"

"ಬರ್ಕೊಂಡೆ ಮುತ್ಯಾ."

"ನಂದು ಯಾವುದು, ತೋರಸು."

ಹೊಸದಾಗಿ ತೆಗೆದ ಕಾಗದವನ್ನು ಮೇಜಿನ ಮೇಲೆ ಹರಡಿದೆ. ಅವರಿಗೆ ಓದು ಬರುತ್ತಿರಲಿಲ್ಲ. ಅವರ ತೋರುಬೆರಳನ್ನು ಹಿಡಿದು ಏಳನೇ ಟೋಳಿಯ ಸಾಲಿನ ಮೇಲೆ, ಆ ಎರಡು ಇಂಗ್ಲಿಷ್ ಅಕ್ಷರಗಳ ಮೇಲೆ ಇಟ್ಟೆ. ಬೆರಳು ಹಲಗೆಯ ಹಾಗೆ ಒರಟಾಗಿತ್ತು.

"ಇದು ನಿಮ್ಮದು. ಲಾಭ."

ಬೆರಳು ಅಲ್ಲೇ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮೆಲ್ಲಗೆ ಬಲಕ್ಕೆ ಸರಿಯಿತು, ಗೆರೆ ದಾಟಿತು, ಮುಂದಿನ ಅಂಕೆಯ ಮೇಲೆ ಬಂತು.

"ಇದು?"

"ಇದು ಮೇಸ್ತ್ರಿಯವರದು."

"ಇದರಾಚಿದು?"

ಒಬ್ಬೊಬ್ಬರದಾಗಿ ಕೊನೆಯ ಗೆರೆಯ ತನಕ ಹೇಳಿದೆ. ಮುತ್ಯಾ ಬೆರಳನ್ನು ಮತ್ತೆ ಮೊದಲಿಗೆ ತಂದರು. ತಮ್ಮ ಜಾಗದಿಂದ ಕೊನೆಯವನ ಜಾಗದ ತನಕ ಇನ್ನೊಮ್ಮೆ ಎಳೆದು ನೋಡಿದರು.

"ಎಲ್ಲಾರೂ ಒಂದs ಸಾಲಿನ್ಯಾಗ ಅದೀವೇನು?"

"ಹೌದು ಮುತ್ಯಾ. ಎಲ್ಲರೂ ಒಂದೇ ಸಾಲಿನಲ್ಲಿ ಇದ್ದೀರಿ."

"ಹಂಗಿದ್ರ ಸಾಕು ಬಿಡವ್ವಾ" ಎಂದು ಅವರು ಹೊರಗೆ ಹೋಗಿ ಚಪ್ಪಲಿ ಮೆಟ್ಟಿಕೊಂಡರು.